ಹಿಂಬಾಗಿಲಾಚೆ ಡೆಕ್ಕೋ ಪ್ಯಾಟಿಯೊವೋ

ಮಿಷಿಗನ್ನಿನ ಹೊಸ ಬಡಾವಣೆಗಳಲ್ಲಿ ಮನೆ ಕೊಂಡವರಿಗೆ ಈ ನೋಟ ಗೊತ್ತು. ಅಡುಗೆಮನೆಯ ಪಕ್ಕದಲ್ಲಿ ದೊಡ್ಡದೊಂದು ಗಾಜಿನ ಜಾರುಬಾಗಿಲು. ಆಚೆಗೆ ಕಾಲಿಡಲು ಏನೂ ಇಲ್ಲ. ಯಾರಾದರೂ ಬಾಗಿಲು ತೆಗೆದು ಬಿದ್ದುಬಿಟ್ಟಾರು ಎಂದು ಬಿಲ್ಡರ್ ಅಡ್ಡಲಾಗಿ ಎರಡು ಹಲಗೆ ಬಡಿದು ಹೋಗಿರುತ್ತಾನೆ. ಮೊನ್ನೆ ಗೆಳೆಯನ ಗೃಹಪ್ರವೇಶದಲ್ಲಿ ಊಟ ಮುಗಿಸಿದವರೆಲ್ಲ ಆ ಗಾಜಿನ ಮುಂದೆ ನಿಂತು ಕೇಳಿದ್ದು ಒಂದೇ ಮಾತು: ‘ಇಲ್ಲಿ ಡೆಕ್ ಹಾಕಿಸ್ತೀಯೋ, ಪ್ಯಾಟಿಯೊನೋ?’ ಒಬ್ಬರು ಡೆಕ್ಕೇ ಚೆಂದ ಅಂದರು, ಇನ್ನೊಬ್ಬರು ಪ್ಯಾಟಿಯೊಗೆ ಖರ್ಚು ಕಡಿಮೆ ಅಂದರು. ಗೆಳೆಯ ನನ್ನ ಕಡೆ ನೋಡಿದ. ನಾನು ಅಳೆಯುವ ಟೇಪ್ ಕೇಳಿದೆ.

ಊರಿನಲ್ಲಿರುವ ಓದುಗರಿಗೆ ಹೇಳುವುದಾದರೆ, ಡೆಕ್ ಎಂದರೆ ಮನೆಯ ಒಳನೆಲದ ಮಟ್ಟಕ್ಕೆ, ಕಂಬಗಳ ಮೇಲೆ ಎತ್ತಿ ಕಟ್ಟಿದ ಮರದ ಅಟ್ಟಣೆ. ಪ್ಯಾಟಿಯೊ ಎಂದರೆ ಮಣ್ಣಿನ ಮೇಲೆಯೇ ಕಾಂಕ್ರೀಟೋ ಕಲ್ಲೋ ಹಾಸಿದ ಜಾಗ. ಒಂದು ಜಗಲಿ, ಇನ್ನೊಂದು ಅಂಗಳ. ಎರಡೂ ಇದ್ದ ಮನೆಗಳಲ್ಲಿ ಬೆಳೆದವರಿಗೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸುವುದು ಕಷ್ಟವೇ. ಡೆಟ್ರಾಯಿಟ್ ಸುತ್ತಲಿನ ಊರುಗಳಲ್ಲಿ ಒಂದು ಮನೆಯಲ್ಲಿ ಪ್ಯಾಟಿಯೊ, ಮುಂದಿನ ಮನೆಯಲ್ಲಿ ಡೆಕ್ ಇಟ್ಟುಕೊಂಡು ಬಾಳಿದ ಮೇಲೆ ನನಗೆ ಖಾತ್ರಿಯಾದದ್ದು ಇಷ್ಟು: ಹೊಸ್ತಿಲಿನ ಎತ್ತರವನ್ನೂ ಮಳೆನೀರು ಹರಿಯುವ ದಿಕ್ಕನ್ನೂ ನೋಡಿದರೆ ಮುಕ್ಕಾಲು ಉತ್ತರ ಸಿಕ್ಕಿಬಿಡುತ್ತದೆ. ಅಂದ, ಬಣ್ಣ, ಬೆಲೆ ಎಲ್ಲ ಆಮೇಲಿನ ಮಾತು.

ಮೊದಲು ಎತ್ತರ. ಗೆಳೆಯನ ಹೊಸ್ತಿಲಿನಿಂದ ಹುಲ್ಲಿಗೆ 34 ಇಂಚು ಬಂತು. ಅಮೆರಿಕದ ಬಹುಪಾಲು ಊರುಗಳು ಅನುಸರಿಸುವ ಮನೆಕಟ್ಟುವ ನಿಯಮದಲ್ಲಿ ಒಂದು ಮೆಟ್ಟಿಲಿನ ಎತ್ತರ 7¾ ಇಂಚು ಮೀರುವಂತಿಲ್ಲ. ಅಂದರೆ ಅವನು ಪ್ಯಾಟಿಯೊ ಹಾಕಿಸಿದರೆ ಐದು ಮೆಟ್ಟಿಲು ಇಳಿಯಬೇಕು, ಹಿಡಿದು ಇಳಿಯಲು ಕಂಬಿಯೂ ಬೇಕು. ಅನ್ನದ ಪಾತ್ರೆ ಹಿಡಿದು ಇಳಿಯುವುದು, ಖಾಲಿ ತಟ್ಟೆ ಹಿಡಿದು ಹತ್ತುವುದು, ಒಂದು ಸಂಜೆಗೆ ಹತ್ತು ಸಲ. ನಮ್ಮ ಮೊದಲ ಮನೆಯಲ್ಲಿ ಮೂರೇ ಮೆಟ್ಟಿಲಿದ್ದವು. ಅಮ್ಮ ಊರಿಂದ ಬಂದ ಬೇಸಿಗೆಯಲ್ಲಿ ಮೊಣಕಾಲು ನೋವೆಂದು ದಿನಕ್ಕೊಮ್ಮೆ ಮಾತ್ರ ಇಳಿಯುತ್ತಿದ್ದರು, ಉಳಿದ ಹೊತ್ತು ಗಾಜಿನೊಳಗಿಂದಲೇ ಹೊರಗೆ ನೋಡುತ್ತಿದ್ದರು. ಡೆಕ್ ಇರುವ ಮನೆಗೆ ಬಂದ ಮೇಲೆ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊಸ್ತಿಲು ದಾಟಿ ನೇರ ತುಳಸಿ ಕುಂಡದ ಹತ್ತಿರ ಹೋಗಿ ಕೂತುಬಿಡುತ್ತಿದ್ದರು. ಮೂರು ಮೆಟ್ಟಿಲು ಎಂಬುದು ನಕ್ಷೆಯಲ್ಲಿ ಮೂರು ಗೆರೆ. ಎಪ್ಪತ್ತು ದಾಟಿದವರಿಗೆ ಅದೇ ಗೋಡೆ.

ಎತ್ತರ ಹೆಚ್ಚಿದರೆ ಡೆಕ್ಕಿಗೂ ಕಟ್ಟುಪಾಡು ಹೆಚ್ಚು. ನೆಲದಿಂದ 30 ಇಂಚು ಮೀರಿದರೆ ಸುತ್ತ ಕಟಾಂಜನ ಕಡ್ಡಾಯ. ಅದು ಕನಿಷ್ಠ 36 ಇಂಚು ಎತ್ತರ ಇರಬೇಕು, ಕಡ್ಡಿಗಳ ನಡುವೆ 4 ಇಂಚಿನ ಚೆಂಡು ತೂರಬಾರದು. ಅಂಬೆಗಾಲಿಡುವ ಮಗುವಿನ ತಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಅಳತೆ ಅದು. ಇನ್ನು ಬೇಸ್‌ಮೆಂಟಿನಿಂದಲೇ ಹಿತ್ತಿಲಿಗೆ ಬಾಗಿಲಿರುವ ಇಳಿಜಾರು ಜಾಗದ ಮನೆಗಳಲ್ಲಿ ಪ್ರಶ್ನೆಯೇ ಏಳುವುದಿಲ್ಲ: ಮೇಲೆ ಡೆಕ್, ಅದರ ನೆರಳಲ್ಲಿ ಪ್ಯಾಟಿಯೊ. ಹೊಸ್ತಿಲು ಒಂದೆರಡು ಮೆಟ್ಟಿಲಿನಷ್ಟೇ ಎತ್ತರವಿದ್ದು ಹಿತ್ತಿಲು ಸಮತಟ್ಟಾಗಿದ್ದರೆ ನಾನು ಪ್ಯಾಟಿಯೊ ಕಡೆಗೇ. ನೆಲಕ್ಕೆ ತೀರಾ ಹತ್ತಿರವಾಗಿ ಕಟ್ಟಿದ ಡೆಕ್ಕಿನ ಕೆಳಗೆ ಗಾಳಿಯಾಡದು, ತೇವ ಆರದು, ಮರ ಬೇಗ ಕೊಳೆಯುತ್ತದೆ.

ಇನ್ನು ನೀರು. ಇಲ್ಲಿ ನೀರೆಂದರೆ ಮಳೆಯಷ್ಟೇ ಅಲ್ಲ, ಮಣ್ಣೊಳಗೆ ಹೆಪ್ಪುಗಟ್ಟುವ ನೀರೂ ಸೇರಿತು. ಹೆಪ್ಪುಗಟ್ಟಿದಾಗ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ನಮ್ಮ ಕಡೆಯ ಜೇಡಿಮಣ್ಣು ಕೆಳಗಿನಿಂದ ತೇವವನ್ನು ಎಳೆದುಕೊಳ್ಳುತ್ತಲೇ ಇರುವುದರಿಂದ ಮಣ್ಣೊಳಗೆ ಮಂಜಿನ ಪದರಗಳು ಬೆಳೆದು ಮೇಲಿದ್ದದ್ದನ್ನು ಎತ್ತುತ್ತವೆ. ಅದಕ್ಕೇ ಮಿಷಿಗನ್ನಿನಲ್ಲಿ ಡೆಕ್ಕಿನ ಕಂಬದ ಬುನಾದಿ 42 ಇಂಚು ಆಳಕ್ಕೆ, ಚಳಿ ತಲುಪದ ಮಣ್ಣಿಗೆ ಇಳಿಯಬೇಕು. ಮನೆಗೆ ಅಂಟಿಕೊಂಡ ಡೆಕ್ಕಿನ ಒಂದು ಅಂಚು ಅಲ್ಲಾಡದ ಗೋಡೆಯ ಮೇಲೆ ಕೂತಿರುತ್ತದೆ. ಇನ್ನೊಂದು ಅಂಚು ಪ್ರತಿ ಚಳಿಗಾಲ ಏರಿಳಿದರೆ ಕೀಲುಗಳು ಸಡಿಲವಾಗದೆ ಇರುವುದಿಲ್ಲ.

ಪ್ಯಾಟಿಯೊ ಇದಕ್ಕೆ ತಿರುಗುಮುರುಗು. ಅದು ಮಣ್ಣಿನ ಮೇಲೆ ತೇಲುತ್ತದೆ, ಮಣ್ಣಿನೊಂದಿಗೆ ಒಂದಿಷ್ಟು ಏರಿ ಇಳಿಯುತ್ತದೆ. ಪೇವರ್ ಎಂಬ ಬಿಡಿಬಿಡಿ ಕಲ್ಲುಗಳಾದರೆ ಸಂದುಗಳಲ್ಲಿ ಆ ಓಲಾಟವನ್ನು ತಾಳಿಕೊಳ್ಳುತ್ತವೆ. ಒಂದೇ ಹಾಸಿನ ಕಾಂಕ್ರೀಟಾದರೆ ಬಿರುಕು ಬಂದೇ ಬರುತ್ತದೆ. ಎಂಟು ಹತ್ತು ಅಡಿಗೊಂದರಂತೆ ಗೆರೆ ಕೊಯ್ಯುವುದು ಆ ಬಿರುಕು ನಾವು ಹೇಳಿದ ಕಡೆ, ಗೆರೆಯೊಳಗೇ ಬರಲಿ ಎಂದು. ಹಿಮ ಕರಗಿಸಲು ಉಪ್ಪು ಎರಚುವ ಅಭ್ಯಾಸವಿದ್ದರೆ ಕಾಂಕ್ರೀಟಿನ ಮೇಲ್ಮೈ ಚಕ್ಕೆಚಕ್ಕೆಯಾಗಿ ಏಳುವುದನ್ನೂ ಎದುರು ನೋಡಬೇಕು.

ಮನೆಯಿಂದ ಹೊರಮುಖವಾಗಿ ಅಡಿಗೆ ಕಾಲು ಇಂಚು ಇಳಿಜಾರು ಕೊಡುವುದು ಇಲ್ಲಿನ ವಾಡಿಕೆ. ಹನ್ನೆರಡು ಅಡಿ ಅಗಲದ ಪ್ಯಾಟಿಯೊಗೆ ಮೂರು ಇಂಚು. ಕಣ್ಣಿಗೆ ಕಾಣದಷ್ಟು ಕಡಿಮೆ, ನೀರಿಗೆ ಸಾಕಷ್ಟು. ಆದರೆ ಹೊಸ ಮನೆಗಳಲ್ಲಿ ಒಂದು ತೊಡಕಿದೆ, ಯಾವ ಸೇಲ್ಸ್‌ಮನ್ ಕೂಡ ತಾನಾಗಿ ನನಗೆ ಹೇಳಲಿಲ್ಲ. ಬೇಸ್‌ಮೆಂಟಿಗೆಂದು ಗುಂಡಿ ತೋಡಿದವರು ಗೋಡೆ ಕಟ್ಟಿದ ಮೇಲೆ ಸುತ್ತಲಿನ ಸಂದಿಗೆ ಅದೇ ಮಣ್ಣನ್ನು ಮತ್ತೆ ತುಂಬಿರುತ್ತಾರೆ. ಆ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಅದರ ಮೇಲೆ ಆತುರದಿಂದ ಪ್ಯಾಟಿಯೊ ಹಾಕಿದರೆ ಗೋಡೆಯ ಪಕ್ಕದ ಅಂಚೇ ಮೊದಲು ತಗ್ಗುತ್ತದೆ, ಇಳಿಜಾರು ತಿರುಗಿ ನೀರು ಮನೆಯ ಕಡೆ ಬರುತ್ತದೆ.

ನಮಗೆ ಆದದ್ದೂ ಅದೇ. ಮನೆ ಕಟ್ಟಿದ ಮೊದಲ ಬೇಸಿಗೆಯಲ್ಲೇ ಪೇವರ್ ಹಾಕಿಸಿದೆವು. ಗುತ್ತಿಗೆದಾರ ಜಲ್ಲಿಯನ್ನು ಎಷ್ಟು ಆಳ ಹಾಕಿದ, ಎಷ್ಟು ಸಲ ದಮ್ಮಸು ಮಾಡಿದ ಎಂದು ನಿಂತು ನೋಡಲಿಲ್ಲ. ಮೂರನೆಯ ವಸಂತದಲ್ಲಿ, ಒಂದು ರಾತ್ರಿ ಮಳೆ ಸುರಿದು, ಬೇಸ್‌ಮೆಂಟಿನ ಕಿಟಕಿಯ ಮೂಲೆಯಿಂದ ಸಣ್ಣಗೆ ನೀರು ಜಿನುಗಿ ಕಾರ್ಪೆಟ್ಟಿನ ಮೇಲೆ ತಟ್ಟೆಯಗಲದ ಕಲೆ. ಹೊರಗೆ ಹೋಗಿ ಕಲ್ಲುಗಳ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ಗೋಡೆಯ ಎದುರು ದಿಕ್ಕಿಗೆ ಹೋಗಿ ನಿಂತಿತು. ಗುಳ್ಳೆ ಎತ್ತರದ ಕಡೆ ಹೋಗುತ್ತದೆ. ಎತ್ತರವಿರಬೇಕಾದ್ದು ಗೋಡೆಯ ಪಕ್ಕ. ಎರಡು ವಾರಾಂತ್ಯ ಕೂತು ಆ ಭಾಗದ ಕಲ್ಲು ಕಿತ್ತೆವು. ಅಡಿಯಲ್ಲಿ ಸಿಕ್ಕ ಜಲ್ಲಿ ಮೂರು ಇಂಚು. ಇನ್ನಷ್ಟು ಅಗೆದು, ಜಲ್ಲಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ಯಂತ್ರದಿಂದ ಕುಟ್ಟಿ, ಅವೇ ಕಲ್ಲುಗಳನ್ನು ಮತ್ತೆ ಜೋಡಿಸಿದೆವು. ಕಾಂಕ್ರೀಟ್ ಹಾಸಾಗಿದ್ದರೆ ಒಡೆದು ಎಸೆಯುವುದೇ ಗತಿಯಾಗುತ್ತಿತ್ತು. ಪೇವರಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ಎರಡು ವಾರಾಂತ್ಯಗಳಲ್ಲಿ.

ಪ್ಯಾಟಿಯೊದ ಖರ್ಚೆಲ್ಲ ಕಾಣದ ಕಡೆ ಇರುತ್ತದೆ. ಲೆಕ್ಕ ಹಾಕಿ ನೋಡಿ: 12 ಅಡಿಗೆ 16 ಅಡಿ ಪೇವರ್ ಹಾಸಲು 6 ಇಂಚು ಜಲ್ಲಿ, 1 ಇಂಚು ಮರಳು, ಮೇಲೆ ಎರಡಿಂಚು ಮೀರಿದ ಕಲ್ಲು. ಒಟ್ಟು ಒಂಬತ್ತು ಇಂಚಿಗೂ ಹೆಚ್ಚು ಅಗೆಯಬೇಕು. ಸುಮಾರು ಐದೂವರೆ ಘನ ಗಜ, ಅಂದರೆ ಆರು ಟನ್ನಿಗಿಂತ ಹೆಚ್ಚು ಮಣ್ಣು ಹೊರಗೆ ಹೋಗಬೇಕು. ಹಿತ್ತಿಲಿಗೆ ಸಣ್ಣ ಯಂತ್ರ ಹೋಗಲು ದಾರಿಯಿಲ್ಲದಿದ್ದರೆ ಅದಷ್ಟೂ ತಳ್ಳುಗಾಡಿಯಲ್ಲಿ. ಅದಕ್ಕೇ ಕೊಟೇಶನ್ ಕೇಳುವಾಗ ಕಲ್ಲಿನ ಬಣ್ಣಕ್ಕಿಂತ ಮೊದಲು ಜಲ್ಲಿಯ ಆಳವನ್ನು ಕೇಳಿ, ಅದನ್ನು ಬರೆದು ಕೊಡಲು ಹೇಳಿ. ಸಾಮಾನ್ಯವಾಗಿ ಸಾದಾ ಕಾಂಕ್ರೀಟ್ ಎಲ್ಲಕ್ಕಿಂತ ಅಗ್ಗ, ಅದಕ್ಕಿಂತ ದುಬಾರಿ ಮಾಮೂಲಿ ಮರದ ಡೆಕ್. ಒಳ್ಳೆಯ ಪೇವರ್, ಮತ್ತು ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಕಾಂಪೋಸಿಟ್ ಹಲಗೆಯ ಡೆಕ್ ಇನ್ನೂ ಮೇಲೆ.

ಡೆಕ್ಕಿನಲ್ಲಿ ಜೀವವಿರುವುದು ಒಂದೇ ಹಲಗೆಯಲ್ಲಿ. ಮನೆಯ ಗೋಡೆಗೆ ಬಿಗಿದ ಆ ಉದ್ದನೆಯ ಹಲಗೆಗೆ ಲೆಡ್ಜರ್ ಎನ್ನುತ್ತಾರೆ. ಚದರ ಅಡಿಗೆ 40 ಪೌಂಡ್ ಜನರ ಭಾರ, 10 ಪೌಂಡ್ ಡೆಕ್ಕಿನದೇ ಭಾರ ಎಂದು ಲೆಕ್ಕ ಹಿಡಿಯುವುದು ರೂಢಿ. 12ಕ್ಕೆ 16 ಅಡಿಯ ಡೆಕ್ಕಿಗೆ 9,600 ಪೌಂಡ್ ಆಯಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ, ಸುಮಾರು 2,200 ಕಿಲೊ, ಲೆಡ್ಜರಿಗೆ ನೇತುಬೀಳುತ್ತದೆ. ಮಗಳ ಗ್ರಾಜುಯೇಷನ್ ಪಾರ್ಟಿಯಲ್ಲಿ ಫೋಟೊಗೆಂದು ಎಲ್ಲರೂ ಡೆಕ್ಕಿನ ಮೇಲೆ ಒತ್ತಾಗಿ ನಿಂತ ಕ್ಷಣ ಈ ಅಂಕಿ ನಿಜವಾಗಿಬಿಡುತ್ತದೆ. ಡೆಕ್ ಕುಸಿದ ಸುದ್ದಿಗಳ ಹಿಂದೆ ಬಹಳ ಸಲ ಇರುವುದು ಇಲ್ಲಿನ ಸೋಲೇ: ಬೋಲ್ಟು ಅಥವಾ ದಪ್ಪ ತಿರುಪು ಹಾಕಬೇಕಾದಲ್ಲಿ ಬರೀ ಮೊಳೆ ಹೊಡೆದಿರುತ್ತಾರೆ, ಇಲ್ಲವೇ ಗೋಡೆಗೂ ಲೆಡ್ಜರಿಗೂ ನಡುವೆ ನೀರಿಳಿದು ಒಳಗಿನ ಮರ ಕೊಳೆತಿರುತ್ತದೆ. ಆ ಸಂದಿಯ ಮೇಲೆ ನೀರನ್ನು ಹೊರಕ್ಕೆ ತಳ್ಳುವ ತಗಡು ಅಥವಾ ಪ್ಲಾಸ್ಟಿಕ್ ಪಟ್ಟಿ ಇರಬೇಕು, ಫ್ಲ್ಯಾಶಿಂಗ್ ಎಂದು ಅದರ ಹೆಸರು. ಈಗಿನ ಮನೆಯನ್ನು ಕೊಳ್ಳುವ ಮೊದಲು ನಾನು ಡೆಕ್ಕಿನ ಕೆಳಗೆ ತೂರಿ ಲೆಡ್ಜರಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಮೂರು ಕಡೆ ಗಟ್ಟಿ. ನಾಲ್ಕನೆಯ ಕಡೆ, ಸರಿಯಾಗಿ ಬಾಗಿಲಿನ ಕೆಳಗೆ, ಮಾಗಿದ ಬಾಳೆಹಣ್ಣಿಗೆ ಇಳಿದಂತೆ ಇಳಿಯಿತು. ಪಟ್ಟಿ ಹಾಕಿರಲೇ ಇಲ್ಲ. ಆ ಡೆಕ್ ಬಿಚ್ಚಿಸಿಯೇ ಹೊಸದು ಕಟ್ಟಿಸಿದೆವು.

ಹೊರಗೋಡೆ ಇಟ್ಟಿಗೆಯ ಮನೆಗಳಲ್ಲಿ ಇನ್ನೊಂದು ಎಚ್ಚರ ಬೇಕು. ಇಲ್ಲಿನ ಇಟ್ಟಿಗೆ ಬಹುತೇಕ ಮರದ ಚೌಕಟ್ಟಿನ ಮೇಲೆ ಅಂದಕ್ಕೆ ಕಟ್ಟಿದ ತೆಳು ಹೊದಿಕೆ. ಅದರ ಮೇಲೆ ಲೆಡ್ಜರಿನ ಭಾರ ಹೊರಿಸಲು ನಿಯಮ ಒಪ್ಪುವುದಿಲ್ಲ, ಒಪ್ಪಲೂಬಾರದು. ಅಂಥಲ್ಲಿ ಗೋಡೆಯ ಪಕ್ಕದಲ್ಲೂ ಕಂಬ ನಿಲ್ಲಿಸಿ ಡೆಕ್ಕನ್ನು ಸ್ವತಂತ್ರವಾಗಿ ಕಟ್ಟಿಸಿ.

ಮರದ ಬಗ್ಗೆ ಸ್ವಲ್ಪ. ಅಂಗಡಿಯಲ್ಲಿ ಸಿಗುವ ಹಸಿರುಛಾಯೆಯ ಪೈನ್ ಮರಕ್ಕೆ ಒತ್ತಡದಲ್ಲಿ ತಾಮ್ರದ ರಾಸಾಯನಿಕ ಹೊಗಿಸಿರುತ್ತಾರೆ, ಗೆದ್ದಲು ಹತ್ತದಿರಲಿ, ಕೊಳೆಯದಿರಲಿ ಎಂದು. ಆ ತಾಮ್ರ ಮಾಮೂಲಿ ಉಕ್ಕಿನ ಮೊಳೆಯನ್ನು ತಿಂದುಹಾಕುತ್ತದೆ, ಆದ್ದರಿಂದ ದಪ್ಪ ಸತುವಿನ ಲೇಪವಿರುವ ಅಥವಾ ಸ್ಟೇನ್‌ಲೆಸ್ ತಿರುಪುಗಳೇ ಬೇಕು. 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಇರುವ ರಾಸಾಯನಿಕವನ್ನೂ ಹಾಕುತ್ತಿದ್ದರು. ಅದಕ್ಕಿಂತ ಹಳೆಯ ಡೆಕ್ ಕಿತ್ತರೆ ಆ ಮರವನ್ನು ಬೆಂಕಿಗೆ ಮಾತ್ರ ಹಾಕಬೇಡಿ. ಪೈನ್ ಡೆಕ್ಕನ್ನು ಎರಡು ಮೂರು ವರ್ಷಕ್ಕೊಮ್ಮೆ ತೊಳೆದು ಅದಕ್ಕೆ ಬಣ್ಣ ಹೀರಿಸಬೇಕು. ಕಾಲ ಬಂತೇ ಎಂದು ತಿಳಿಯಲು ನಾಲ್ಕು ಹನಿ ನೀರು ಚಿಮುಕಿಸಿ: ಹನಿ ಮುತ್ತಾಗಿ ನಿಂತರೆ ಲೇಪ ಇನ್ನೂ ಇದೆ, ಹೀರಿಕೊಂಡರೆ ಕುಂಚ ಹಿಡಿಯಬೇಕು. ಕಾಂಪೋಸಿಟ್ ಹಲಗೆಗೆ ಈ ಕೆಲಸವಿಲ್ಲ, ಸಿಬಿರೂ ಏಳುವುದಿಲ್ಲ. ಆದರೆ ಕಡುಬಣ್ಣದ್ದು ಜುಲೈ ಬಿಸಿಲಲ್ಲಿ ಬರಿಗಾಲಿಗೆ ಸುಡುತ್ತದೆ. ಚಪ್ಪಲಿ ಬಿಟ್ಟು ಓಡಾಡುವ ನಮ್ಮಂಥವರು ತಿಳಿಬಣ್ಣ ಆರಿಸುವುದು ಮೇಲು. ಅದೇ ಬಿಸಿಲಲ್ಲಿ ಸಂಡಿಗೆ ಮಾತ್ರ ಒಂದೇ ದಿನಕ್ಕೆ ಗರಿಗರಿ ಒಣಗುತ್ತದೆ. ಆದರೆ ರಂಗೋಲಿಗೆ, ದೀಪಾವಳಿಯ ಹಣತೆ ಸಾಲಿಗೆ, ಒಲೆ ಹಚ್ಚಿ ಬಜ್ಜಿ ಕರಿಯುವುದಕ್ಕೆ ಕಲ್ಲಿನ ನೆಲಕ್ಕೆ ಸಾಟಿಯಿಲ್ಲ.

ದೊಡ್ಡ ಮರದ ಬುಡ ಹತ್ತಿರವಿದ್ದರೆ ಡೆಕ್ ಒಳ್ಳೆಯದು. ಕಂಬದ ಗುಂಡಿಗಳನ್ನು ಬೇರು ತಪ್ಪಿಸಿ ತೋಡಬಹುದು. ಪ್ಯಾಟಿಯೊಗೆ ಅಗೆದು ಕುಟ್ಟಿದರೆ ಬೇರು ಉಸಿರುಗಟ್ಟುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಬಡಾವಣೆಯ ಸಂಘ ಮತ್ತು ಊರಿನ ಕಟ್ಟಡ ಇಲಾಖೆಯನ್ನು ಮೊದಲು ಕೇಳಿ. ಅಗೆಯುವ ಮೂರು ಕೆಲಸದ ದಿನ ಮುಂಚೆ 811ಕ್ಕೆ ಕರೆ ಮಾಡಿದರೆ ಬಂದು ನೆಲದಡಿಯ ಕೊಳವೆ, ತಂತಿಗಳಿರುವ ಕಡೆ ಪುಕ್ಕಟೆಯಾಗಿ ಗುರುತು ಹಾಕಿ ಹೋಗುತ್ತಾರೆ: ಹಳದಿ ಬಾವುಟ ಗ್ಯಾಸಿನದು, ಕೆಂಪು ವಿದ್ಯುತ್ತಿನದು, ಕಿತ್ತಳೆ ಫೋನು ಮತ್ತು ಕೇಬಲ್ಲಿನದು.

ಗೆಳೆಯನಿಗೆ ಕೊನೆಗೆ ಹೇಳಿದ್ದು ಇದು. ಅವನ ಮನೆಗೆ ಇನ್ನೂ ವರ್ಷ ತುಂಬಿಲ್ಲ, ಗೋಡೆಯ ಪಕ್ಕದ ಮಣ್ಣು ಕುಸಿಯುವುದು ಬಾಕಿ ಇದೆ. ಹಿಂದಿನ ಗೋಡೆ ಇಟ್ಟಿಗೆಯದಲ್ಲ. ಡೆಕ್ಕಿನ ಒಳಅಂಚು ಮನೆಗೆ ನೇತುಬಿದ್ದರೆ, ಹೊರಕಂಬಗಳು ಹತ್ತು ಅಡಿ ಆಚೆ, ಯಾರೂ ಕೆದಕದ ಗಟ್ಟಿಮಣ್ಣಿನಲ್ಲಿ ನಿಲ್ಲುತ್ತವೆ. ನಡುವಿನ ಸಡಿಲ ಮಣ್ಣು ತನ್ನ ಪಾಡಿಗೆ ಕುಸಿಯಲಿ. ಆದ್ದರಿಂದ ಈಗ ಊಟದ ಮೇಜು ಹಿಡಿಸುವಷ್ಟು ಡೆಕ್, ಕೆಳಗಿಳಿಯಲು ಅಗಲವಾದ ಮೆಟ್ಟಿಲು. ಮೂರು ಚಳಿಗಾಲ ಕಳೆದ ಮೇಲೆ ಮೆಟ್ಟಿಲಿನ ಬುಡದಲ್ಲಿ ಪೇವರ್ ಅಂಗಳ. ಅವನ ಹೆಂಡತಿ ಅಷ್ಟರಲ್ಲಿ ಬಾಗಿಲಿಗೆ ಬಡಿದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ 34 ಎಂದು ಬರೆದಿಟ್ಟಿದ್ದಳು. ಪರವಾನಗಿ ಅರ್ಜಿಯ ಮೊದಲ ಪುಟದಲ್ಲೇ ಆ ಅಂಕಿ ಬೇಕಾಯಿತು.