ಮೊದಲ ಸಂಬಳದ ಲೆಕ್ಕ

ಬೆಳಗು ಹರಿಯುವ ಮುನ್ನ ಬಂಗಾರಪೇಟೆಯ ರೈಲು ನಿಲ್ದಾಣದಲ್ಲಿ ನಿಂತು ನೋಡಬೇಕು. ಮಾರಿಕುಪ್ಪಂ ಕಡೆಯಿಂದ ಬರುವ ಗಾಡಿ ಚಿನ್ನದ ಗಣಿಯ ಊರಿನ ಜನರನ್ನು ತುಂಬಿಕೊಂಡು ಬರುತ್ತದೆ. ಕೈಯಲ್ಲಿ ಬುತ್ತಿ ಹಿಡಿದ ಗಂಡಸರು, ಹೆಂಗಸರು, ಆಗತಾನೆ ಓದು ಮುಗಿಸಿದ ತರುಣ ತರುಣಿಯರು ಬೆಂಗಳೂರಿನ ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ ದುಡಿಯಲು ಹೊರಟಿರುತ್ತಾರೆ. ಇವರು ಮನೆಗೆ ಮರಳುವುದು ರಾತ್ರಿಯಾದ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕವಲು ದಾರಿಯನ್ನು ಹಾಕಿದಾಗ ಕೆಲಸ ಹುಡುಕುವವರ ಪ್ರಯಾಣ ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿತ್ತು. ಅಂದು ಬೌರಿಂಗ್‌ಪೇಟೆಯೆಂದು ಕರೆಯಲಾಗುತ್ತಿದ್ದ ಈ ಊರಿನ ಮೂಲಕ ಸಾವಿರಾರು ಜನರು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿದ್ದರು.

ಕೆಲಸಕ್ಕೆ ಸೇರಿದವನ ಮೊದಲ ಸಂಬಳವನ್ನು ನಿಶ್ಚಯಿಸುವುದು ಯಾವುದು? ಅಪಾಯ ಹೆಚ್ಚಿದ್ದರೆ ಸಂಬಳವೂ ಹೆಚ್ಚು, ಹೊಣೆ ಹೆಚ್ಚಿದ್ದರೆ ಸಂಬಳವೂ ಹೆಚ್ಚು ಎಂಬುದು ನಮ್ಮೆಲ್ಲರ ಸಾಮಾನ್ಯ ನಂಬಿಕೆ. ಈ ನಂಬಿಕೆಯನ್ನು ಎರಡು ಉದ್ಯೋಗಗಳ ಮೇಲೆ ಒರೆಗೆ ಹಚ್ಚಿ ನೋಡೋಣ. ಒಂದು, ಭೂಮಿಯ ಆಳದಲ್ಲಿ ದುಡಿಯುವ ಗಣಿ ಕಾರ್ಮಿಕನದು. ಇನ್ನೊಂದು, ಆಕಾಶದಲ್ಲಿ ಹಾರುವ ವಿಮಾನ ಚಾಲಕನದು.

ಕೋಲಾರದ ಗಣಿಗಳಲ್ಲಿ ಆಧುನಿಕ ರೀತಿಯ ಗಣಿಗಾರಿಕೆಯನ್ನು ೧೮೮೦ರ ಸುಮಾರಿಗೆ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಆರಂಭಿಸಿತು. ಕಾಲಕ್ರಮದಲ್ಲಿ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆನಿಸಿತು. ಆ ಆಳದಲ್ಲಿ ಬಂಡೆಯ ಉಷ್ಣತೆ ೬೦ ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಂಪಾದ ಗಾಳಿಯನ್ನು ಯಂತ್ರಗಳ ಮೂಲಕ ಒಳಗೆ ನೂಕದಿದ್ದರೆ ಮನುಷ್ಯ ಅಲ್ಲಿ ನಿಲ್ಲುವುದೇ ಸಾಧ್ಯವಿರಲಿಲ್ಲ. ಮೇಲಿನ ಭಾರವನ್ನು ತಾಳಲಾರದೆ ಬಂಡೆಗಳು ಹಠಾತ್ತನೆ ಸಿಡಿಯುತ್ತಿದ್ದವು. ಕೊರೆಯುವಾಗ ಏಳುವ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಸೇರಿ, ವರ್ಷಗಳ ನಂತರ ಸಿಲಿಕೋಸಿಸ್ ಎಂಬ ರೋಗವಾಗಿ ಕಾಣಿಸಿಕೊಳ್ಳುತ್ತಿತ್ತು.

ಇಷ್ಟೊಂದು ಅಪಾಯವಿದ್ದ ಕೆಲಸಕ್ಕೆ ಕೂಲಿ ಹೆಚ್ಚಾಗಿರಬೇಕಿತ್ತಲ್ಲವೆ? ಹಾಗಿರಲಿಲ್ಲ. ಮೇಲಿನ ಹುದ್ದೆಗಳೂ ದೊಡ್ಡ ಸಂಬಳಗಳೂ ಯುರೋಪಿನಿಂದ ಬಂದವರ ಪಾಲಾಗಿದ್ದವು. ಬಂಡೆ ಒಡೆಯುವ, ಅದಿರು ತುಂಬುವ ಕೆಲಸಕ್ಕೆ ಬಂದವರು ಚಿತ್ತೂರು, ಉತ್ತರ ಆರ್ಕಾಟು, ಸೇಲಂ ಮುಂತಾದ ನೆರೆಯ ಜಿಲ್ಲೆಗಳ ಬಡವರು. ಅವರಲ್ಲಿ ಬಹುಮಂದಿ ಸ್ವಂತ ಭೂಮಿಯಿಲ್ಲದ ದಲಿತ ಕುಟುಂಬಗಳವರು. ಅವರಲ್ಲಿ ಅನೇಕರನ್ನು ಕಂಪನಿ ನೇರವಾಗಿ ನೇಮಿಸಿಕೊಳ್ಳದೆ ಗುತ್ತಿಗೆದಾರರ ಮೂಲಕ ಪಡೆಯುತ್ತಿತ್ತು. ಹಳ್ಳಿಯಲ್ಲಿ ವರ್ಷದ ಕೆಲವೇ ತಿಂಗಳು ಕೂಲಿ ಸಿಗುತ್ತಿತ್ತು. ಮಳೆ ಕೈಕೊಟ್ಟರೆ ಅದೂ ಇಲ್ಲ. ಆದ್ದರಿಂದ ಅದಕ್ಕಿಂತ ತುಸು ಹೆಚ್ಚು ಕೊಟ್ಟರೂ ಗಣಿಯ ಬಾಗಿಲಲ್ಲಿ ಜನ ಸಾಲುಗಟ್ಟುತ್ತಿದ್ದರು. ಕಾರ್ಮಿಕನ ಕೂಲಿಯನ್ನು ಹಳ್ಳಿಯ ಕೂಲಿಯೊಂದಿಗೆ ಹೋಲಿಸಿ ನಿಶ್ಚಯಿಸಲಾಗುತ್ತಿತ್ತೇ ಹೊರತು, ಅವನು ತೆಗೆದ ಚಿನ್ನದ ಬೆಲೆಯೊಂದಿಗಾಗಲಿ ಅವನ ಪ್ರಾಣಕ್ಕಿದ್ದ ಅಪಾಯದೊಂದಿಗಾಗಲಿ ಅಲ್ಲ.

೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೧೪೭ ಕಿಲೋಮೀಟರು ದೂರದ ಈ ಗಣಿಗಳಿಗೆ ವಿದ್ಯುತ್ತನ್ನು ತರಲಾಯಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, ೧೯೦೫ರಲ್ಲಿ. ಈ ಎರಡು ಇಸವಿಗಳನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಗಣಿ ಕಾರ್ಮಿಕರು ವಾಸವಾಗಿದ್ದ ತಟ್ಟಿಯ ಗೋಡೆಯ ಗುಡಿಸಲುಗಳಿಗೆ ದೀಪ ಯಾವಾಗ ಬಂದಿತೆಂದು ಮಾತ್ರ ಯಾರೂ ಕೇಳುವುದಿಲ್ಲ.

ಆ ವಿದ್ಯುತ್ತಿನಿಂದ ನಡೆದ ಯಂತ್ರಗಳಲ್ಲಿ ಕಾರ್ಮಿಕರನ್ನು ಗಣಿಯೊಳಗೆ ಇಳಿಸುವ, ಮೇಲಕ್ಕೆ ಎತ್ತುವ ಯಂತ್ರಗಳೂ ಸೇರಿದ್ದವು. ಉಕ್ಕಿನ ಹಗ್ಗಕ್ಕೆ ತೂಗುಬಿದ್ದ ಪಂಜರದಂತಹ ತೊಟ್ಟಿಲಿನಲ್ಲಿ ಹತ್ತಾರು ಜನರು ಒತ್ತಾಗಿ ನಿಲ್ಲುತ್ತಿದ್ದರು. ಯಂತ್ರ ನಡೆಸುವವನು ಮೇಲಿನ ಮನೆಯಲ್ಲಿ ಕುಳಿತು, ಗಂಟೆಯ ಸಂಕೇತವನ್ನು ಕೇಳಿ, ಆಳವನ್ನು ತೋರಿಸುವ ಮುಳ್ಳನ್ನು ನೋಡುತ್ತ ಹಗ್ಗವನ್ನು ಬಿಡುತ್ತಿದ್ದನು. ಕೆಳಗಿಳಿಯುವವರ ಮುಖ ಅವನಿಗೆ ಕಾಣದು. ಅವನ ಮುಖ ಅವರಿಗೆ ಕಾಣದು. ಅವನ ಕೈ ಒಂದು ಕ್ಷಣ ತಪ್ಪಿದರೆ ಅಷ್ಟೂ ಜನರ ಪ್ರಾಣ ಹೋಗಬಹುದು. ವಿಮಾನ ಚಾಲಕನ ಹೊಣೆಯೂ ಇದೇ ಬಗೆಯದು. ಇಂದು ಇಬ್ಬರಿಗೂ ಪರೀಕ್ಷೆ ಪಾಸಾದ ಅಧಿಕೃತ ಪ್ರಮಾಣಪತ್ರ ಕಡ್ಡಾಯ.

ಇನ್ನು ಆಕಾಶದ ಕಡೆ ನೋಡೋಣ. ವಿಮಾನ ಚಾಲಕನೆಂದರೆ ಕೈತುಂಬ ಸಂಬಳ ಪಡೆಯುವವನೆಂದು ಜನ ತಿಳಿದಿದ್ದಾರೆ. ಬಹಳ ವರ್ಷ ದುಡಿದ ಹಿರಿಯ ಕ್ಯಾಪ್ಟನ್ನರ ವಿಷಯದಲ್ಲಿ ಅದು ನಿಜವೇ. ಆದರೆ ಅಲ್ಲಿಗೆ ಹೋಗುವ ಮೆಟ್ಟಿಲುಗಳ ಮೊದಲ ಹಂತವನ್ನು ಹೊರಗಿನವರು ಕಂಡಿರುವುದು ಕಡಿಮೆ. ಭಾರತದಲ್ಲಿ ವಾಣಿಜ್ಯ ವಿಮಾನ ಚಾಲನೆಯ ಪರವಾನಗಿ ಪಡೆಯಲು ೨೦೦ ಗಂಟೆಗಳ ಹಾರಾಟ ಆಗಿರಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ಶಾಲೆಯಂತಹ ಕೆಲವು ಸಂಸ್ಥೆಗಳು ಈ ತರಬೇತಿಗೆಂದು ಸ್ಥಾಪಿತವಾದವು. ತರಬೇತಿಗೆ ಇಂದು ಹತ್ತಾರು ಲಕ್ಷ ರೂಪಾಯಿ ಬೇಕು. ದೊಡ್ಡ ವಿಮಾನವನ್ನು ನಡೆಸಲು ಆಯಾ ಮಾದರಿಗೆ ಬೇರೆಯೇ ತರಬೇತಿ ಪಡೆಯಬೇಕು. ಅದರ ವೆಚ್ಚವೂ ಅನೇಕ ವೇಳೆ ಅಭ್ಯರ್ಥಿಯ ಮೇಲೆಯೇ ಬೀಳುತ್ತದೆ. ಮನೆಯನ್ನೋ ಹೊಲವನ್ನೋ ಅಡವಿಟ್ಟು ಸಾಲ ಮಾಡಿದವನಿಗೆ ಕೆಲಸ ಸಿಕ್ಕಿದಾಗ ಸಂಬಳದ ದೊಡ್ಡ ಪಾಲು ಸಾಲದ ಕಂತಿಗೆ ಹೋಗುತ್ತದೆ. ಅದೇ ವಯಸ್ಸಿನಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಸೇರಿದವನ ಸಂಬಳ ಕಾಗದದ ಮೇಲೆ ಕಡಿಮೆ ಕಂಡರೂ ಅವನ ತಲೆಯ ಮೇಲೆ ಅಂತಹ ಸಾಲವಿರುವುದಿಲ್ಲ.

ಅಮೆರಿಕದಲ್ಲಿ ಒಂದು ಕಾಲಕ್ಕೆ ಈ ಸ್ಥಿತಿ ಇನ್ನೂ ಕಠಿಣವಾಗಿತ್ತು. ೨೦೦೯ರ ಫೆಬ್ರವರಿ ೧೨ರಂದು ನ್ಯೂಯಾರ್ಕ್ ರಾಜ್ಯದ ಬಫೆಲೋ ನಗರದ ಬಳಿ ಒಂದು ಸಣ್ಣ ವಿಮಾನ ಸಂಸ್ಥೆಯ ವಿಮಾನ ಬಿದ್ದು ೫೦ ಜನರು ಸತ್ತರು. ವಿಚಾರಣೆಯ ಕಾಲದಲ್ಲಿ ಸಹಚಾಲಕಿಯ ಸಂಬಳದ ಸಂಗತಿ ಹೊರಬಿದ್ದಾಗ ಜನ ಬೆರಗಾದರು. ೨೪ ವರ್ಷದ ಆಕೆಯ ವಾರ್ಷಿಕ ಸಂಬಳ ೨೫ ಸಾವಿರ ಡಾಲರಿಗಿಂತ ಕಡಿಮೆಯಾಗಿತ್ತು. ಕೆಲಸದ ಊರಾದ ನೂಅರ್ಕ್ ಬಳಿ ಆಕೆ ಮನೆ ಮಾಡಿರಲಿಲ್ಲ. ದೇಶದ ಇನ್ನೊಂದು ಅಂಚಿನ ಸಿಯಾಟಲ್ ಬಳಿ ತಂದೆತಾಯಿಯರ ಮನೆಯಲ್ಲಿದ್ದು, ಹಿಂದಿನ ರಾತ್ರಿಯೆಲ್ಲ ಬೇರೆ ವಿಮಾನಗಳಲ್ಲಿ ಪ್ರಯಾಣ ಮಾಡಿ ಬಂದಿದ್ದಳು. ಅಪಘಾತಕ್ಕೆ ಸಂಬಳವೇ ಕಾರಣವೆಂದು ತನಿಖಾ ಮಂಡಳಿ ಹೇಳಲಿಲ್ಲ. ವೇಗ ತಗ್ಗಿದಾಗ ಬಂದ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದನೆಂಬುದು ಅದರ ನಿರ್ಣಯ. ಆದರೂ ದಣಿದ ಚಾಲಕರ ಕೈಯಲ್ಲಿ ವಿಮಾನವಿರುವುದು ಲೇಸಲ್ಲವೆಂಬ ಮಾತು ದೇಶದ ಶಾಸನಸಭೆಯವರೆಗೂ ಹೋಯಿತು.

ಅಲ್ಲಿ ಆರಂಭದ ಸಂಬಳ ಅಷ್ಟು ಕೆಳಗಿದ್ದುದೇಕೆ? ಹಾರುವ ಕನಸು ಹೊತ್ತ ಯುವಕರು ಬಹಳ, ಹುದ್ದೆಗಳು ಕಡಿಮೆ. ಸಣ್ಣ ಸಂಸ್ಥೆಯಲ್ಲಿ ಕೆಲವು ವರ್ಷ ಹಾರಾಟದ ಗಂಟೆಗಳನ್ನು ಕೂಡಿಸಿಕೊಂಡರೆ ದೊಡ್ಡ ಸಂಸ್ಥೆಯ ಬಾಗಿಲು ತೆರೆಯುವುದೆಂಬ ಆಸೆಯಿಂದ ಅವರು ಅಲ್ಪ ಸಂಬಳಕ್ಕೂ ಒಪ್ಪುತ್ತಿದ್ದರು. ಸಂಸ್ಥೆ ಬದಲಿಸಿದರೆ ಜ್ಯೇಷ್ಠತೆ ಕಳೆದುಹೋಗಿ ಮತ್ತೆ ಕೆಳಗಿನಿಂದ ಆರಂಭಿಸಬೇಕಾಗಿತ್ತು. ಮೇಲಾಗಿ, ಸಾಮಾನ್ಯವಾಗಿ ವೇತನ ಲೆಕ್ಕಕ್ಕೆ ಬರುತ್ತಿದ್ದುದು ವಿಮಾನದ ಬಾಗಿಲು ಮುಚ್ಚಿ ಹೊರಟಾಗಿನಿಂದ ತಲಪುವ ತನಕ ಮಾತ್ರ; ನಿಲ್ದಾಣದಲ್ಲಿ ಕಾದ ಹೊತ್ತು ಬಹುಮಟ್ಟಿಗೆ ಲೆಕ್ಕದ ಹೊರಗೇ ಉಳಿಯುತ್ತಿತ್ತು.

೨೦೧೩ರಲ್ಲಿ ಅಮೆರಿಕದ ಸರ್ಕಾರ ಸಹಚಾಲಕರಿಗೂ ಸಾಮಾನ್ಯವಾಗಿ ೧,೫೦೦ ಗಂಟೆಗಳ ಹಾರಾಟವಾಗಿರಬೇಕೆಂದು ನಿಯಮ ಮಾಡಿತು. ಅರ್ಹರ ಸಂಖ್ಯೆ ಇಳಿಯಿತು. ೨೦೨೦ರ ಸಾಂಕ್ರಾಮಿಕದ ಕಾಲದಲ್ಲಿ ಹಿರಿಯರು ಅನೇಕರು ನಿವೃತ್ತರಾದರು. ೨೦೨೨ರಲ್ಲಿ ಅಂಥದೇ ಕೆಲವು ಸಣ್ಣ ಸಂಸ್ಥೆಗಳು ಹೊಸ ಸಹಚಾಲಕರಿಗೆ ಗಂಟೆಗೆ ೯೦ ಡಾಲರು ಕೊಡಲು ಮುಂದಾದವು. ವಿಮಾನ ನಡೆಸುವ ಹೊಣೆ ಹಿಂದೆ ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು. ಬಾಗಿಲಲ್ಲಿ ಕಾದು ನಿಂತವರ ಸಾಲು ಮಾತ್ರ ಚಿಕ್ಕದಾಗಿತ್ತು.

ಇಲ್ಲಿಯವರೆಗೆ ಗಣಿಯ ಕಥೆಯೂ ವಿಮಾನದ ಕಥೆಯೂ ಒಂದೇ ಎನಿಸಬಹುದು. ಆದರೆ ಇವೆರಡರ ನಡುವೆ ಮರೆಯಬಾರದ ಒಂದು ಅಂತರವಿದೆ. ವಿಮಾನ ಚಾಲಕನ ಅಲ್ಪ ಸಂಬಳ ಆರಂಭದ್ದು. ಇಂದಿನ ಸಹಚಾಲಕ ನಾಳೆ ಕ್ಯಾಪ್ಟನ್ ಆಗಬಲ್ಲನು. ಜಾನ್ ಟೇಲರ್ ಕಾಲದ ಕೂಲಿಯವನಿಗೆ ಹತ್ತಲು ಅಂತಹ ಏಣಿಯೇ ಇರಲಿಲ್ಲ. ಅವನ ಮೊದಲ ಕೂಲಿಗೂ ಕೊನೆಯ ಕೂಲಿಗೂ ನಡುವೆ ಇದ್ದ ವ್ಯತ್ಯಾಸ ಅಲ್ಪ. ಅದರಲ್ಲಿ ಸುಧಾರಣೆಯಾದದ್ದು ಕಾರ್ಮಿಕರು ಒಂದಾಗಿ ನಿಂತಾಗ. ೧೯೩೦ರಲ್ಲಿ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು ಒಪ್ಪದೆ ಸಾವಿರಾರು ಜನರು ಮುಷ್ಕರ ಹೂಡಿದರು. ಮುಂದೆ ೧೯೪೦ರ ದಶಕದಲ್ಲಿ ಕಾರ್ಮಿಕ ಸಂಘಗಳು ಬೇರೂರಿದವು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು. ಅನಂತರ ಕೇಂದ್ರ ಸರ್ಕಾರಕ್ಕೆ ಸೇರಿ, ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ಆರಂಭವಾಯಿತು. ಆ ಹೊತ್ತಿಗೆ ಅದಿರಿನಲ್ಲಿ ಚಿನ್ನದ ಪ್ರಮಾಣ ಕುಗ್ಗುತ್ತಿತ್ತು. ಮೊದಲಿಗೆ ಒಂದು ಟನ್ ಅದಿರಿನಲ್ಲಿ ೪೦ ಗ್ರಾಮಿಗೂ ಹೆಚ್ಚು ಸಿಗುತ್ತಿದ್ದ ಚಿನ್ನ ಕೊನೆಯಲ್ಲಿ ಮೂರು ಗ್ರಾಮಿನಷ್ಟಕ್ಕೆ ಇಳಿದಿತ್ತು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳನ್ನು ಮುಚ್ಚಲಾಯಿತು.

ಬಂಗಾರಪೇಟೆಯ ನಿಲ್ದಾಣದಲ್ಲಿ ನಾವು ಕಂಡ ಪ್ರಯಾಣಿಕರಲ್ಲಿ ಅನೇಕರು ಆ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಬೆಂಗಳೂರಿನಲ್ಲಿ ಬಾಡಿಗೆ ತೆತ್ತರೆ ಆರಂಭದ ಸಂಬಳದಲ್ಲಿ ಉಳಿಯುವುದು ಅಲ್ಪ. ಆದ್ದರಿಂದ ಅವರು ಗಣಿಯ ಹಳೆಯ ಮನೆಗಳನ್ನು ಬಿಡದೆ ದಿನವೂ ಹೋಗಿ ಬರುತ್ತಾರೆ. ಸಿಯಾಟಲ್‌ನ ತರುಣಿ ರಾತ್ರಿಯೆಲ್ಲ ಪ್ರಯಾಣ ಮಾಡಿದಂತೆ, ಇವರಿಗೂ ಗಾಡಿಯಲ್ಲಿ ಕಳೆಯುವ ಗಂಟೆಗಳಿಗೆ ಸಂಬಳವಿಲ್ಲ. ಸಂಜೆಯ ಗಾಡಿಯಲ್ಲಿ ಕೂರಲು ಜಾಗ ಸಿಕ್ಕವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗುತ್ತಾರೆ. ಬಂಗಾರಪೇಟೆ ಬಂದಾಗ ಯಾರಾದರೂ ಎಬ್ಬಿಸುತ್ತಾರೆ.