ನಿಮಗಿದು ಗೊತ್ತೇ? ಸೊಂಟಕ್ಕಿಳಿದ ಹಚ್ಚೆ

ಬೆಂಗಳೂರಿನ ವಿಜಯನಗರದ ಅಜ್ಜಿಗೆ ಮುಂಗೈ ಮೇಲೆ ಹಚ್ಚೆ, ಮೊಮ್ಮಗಳಿಗೆ ಸೊಂಟದ ಹಿಂದೆ ಟ್ಯಾಟೂ. ಸೂಜಿ ಚುಚ್ಚುವ ಕೆಲಸ ಅದೇ, ಚುಚ್ಚುವ ಜಾಗ ಬೇರೆ.

● ಸೊಂಟದ ಹಚ್ಚೆ ಹೊಸದೇನಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ‘ಓಟ್ಜಿ’ ಎಂಬ ಮನುಷ್ಯನ ದೇಹಕ್ಕೆ ಸುಮಾರು 5,300 ವರ್ಷ. ಅದರ ಮೇಲಿನ 61 ಹಚ್ಚೆ ಗುರುತುಗಳಲ್ಲಿ ಕೆಲವು ಸೊಂಟದ ಹಿಂಭಾಗದಲ್ಲಿವೆ. ಅಲ್ಲಿ ಬೆನ್ನುಮೂಳೆ ಸವೆದಿದ್ದರಿಂದ ಅವು ಅಂದಕ್ಕಲ್ಲ, ನೋವು ಕಳೆಯಲು ಹಾಕಿದವು ಎಂಬುದು ಹಲವು ಸಂಶೋಧಕರ ಊಹೆ.

● ನಮ್ಮಲ್ಲಿ ಊರೂರು ತಿರುಗಿ ಹಚ್ಚೆ ಹುಯ್ಯುತ್ತಿದ್ದವರು ಕೊರವಂಜಿಯರು. ಕೆಲವು ಸೂಜಿಗಳನ್ನು ದಾರದಲ್ಲಿ ಬಿಗಿದು ಕಟ್ಟಿ, ಸೊಪ್ಪಿನ ರಸದಲ್ಲಿ ಕಲಸಿದ ಮಸಿಗೆ ಅದ್ದಿ ಚುಚ್ಚುತ್ತಿದ್ದರು. ಹುಡುಗಿ ಅಳಲು ಶುರುಮಾಡಿದರೆ ಹಾಡು ಹೇಳಿ ರಮಿಸುತ್ತಿದ್ದರು. ಕೊನೆಗೆ ಗಾಯಕ್ಕೆ ಅರಿಸಿನ.

● ಸೀರೆಯಲ್ಲಿ ಸೊಂಟ ಕಂಡರೂ ಹಚ್ಚೆಗೆ ಹಣೆ, ಗಲ್ಲ, ಮುಂಗೈಗಳೇ ಮೀಸಲು. ಸೊಂಟದಲ್ಲಿ ಡಾಬು ಕೂರುತ್ತಿತ್ತು.

● ಸತ್ತಾಗ ಮೈಮೇಲಿನ ಒಡವೆಯೆಲ್ಲ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂಬುದು ಹಳ್ಳಿಗಳ ಹಳೆಯ ನಂಬಿಕೆ.

● ವಿದ್ಯುತ್ ಹಚ್ಚೆ ಯಂತ್ರಕ್ಕೆ 1891ರ ಡಿಸೆಂಬರ್ 8ರಂದು ಪೇಟೆಂಟ್ ಪಡೆದವನು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ. ಅದಕ್ಕೆ ಮೂಲ, ಥಾಮಸ್ ಎಡಿಸನ್ ಕಾಗದದ ಕೆಲಸಕ್ಕೆಂದು ಮಾಡಿದ್ದ ವಿದ್ಯುತ್ ಪೆನ್ನು!

● ಸೊಂಟದ ಟ್ಯಾಟೂವನ್ನು ಮೆರೆಸಿದ್ದು ಜೀನ್ಸ್. 1990ರ ದಶಕದ ಕೊನೆಯಲ್ಲಿ ಪ್ಯಾಂಟು ಕೆಳಗಿಳಿದು, ಟಾಪು ಮೇಲೇರಿದಾಗ ನಡುವೆ ಖಾಲಿ ಜಾಗ ಸಿಕ್ಕಿತು. ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅಲ್ಲೊಂದು ಪುಟ್ಟ ಯಕ್ಷಿಣಿ ಬರೆಸಿಕೊಂಡರು. ಚಿಟ್ಟೆ, ಬಳ್ಳಿಗಳು ಜಗತ್ತಿನ ತುಂಬ ಹಬ್ಬಿದವು.

● ಹತ್ತೇ ವರ್ಷದಲ್ಲಿ ಗಾಳಿ ತಿರುಗಿತು. ಜೀನ್ಸ್ ಮತ್ತೆ ಸೊಂಟಕ್ಕೇರಿತು, ಟ್ಯಾಟೂ ಟಿವಿ ಹಾಸ್ಯದ ಸರಕಾಯಿತು. ಹಾಕಿಸಿಕೊಂಡ ಹೆಣ್ಣುಮಕ್ಕಳ ನಡತೆಯ ಬಗ್ಗೆಯೂ ಕೀಳು ಮಾತು ಬಂತು. 2020ರ ಈಚೆಗೆ ಹಳೆಯ ಜೀನ್ಸ್ ಜೊತೆಗೇ ಆ ಟ್ಯಾಟೂವೂ ಮರಳಿದೆ.

● ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಇನ್ನೊಂದು ಅಲೆಯೂ ಎದ್ದಿತು. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್ ಸಮಾಧಿ ಇರುವುದು ಕಂಠೀರವ ಸ್ಟುಡಿಯೋದಲ್ಲಿ. ಅಲ್ಲಿಗೆ ಬರುವ ಅಭಿಮಾನಿಗಳಲ್ಲಿ ತೋಳು, ಎದೆಗಳ ಮೇಲೆ ಅಪ್ಪು ಚಿತ್ರ ಬರೆಸಿಕೊಂಡವರಿದ್ದಾರೆ.

● ಹೆರಿಗೆ ನೋವು ತಗ್ಗಿಸುವ ಎಪಿಡ್ಯೂರಲ್ ಸೂಜಿ ಚುಚ್ಚುವುದೂ ಸೊಂಟದ ಹಿಂದೆಯೇ. ಅಲ್ಲಿ ಟ್ಯಾಟೂ ಇದ್ದ ಮಾತ್ರಕ್ಕೆ ಎಪಿಡ್ಯೂರಲ್ ತಪ್ಪುವುದಿಲ್ಲ. ಅರಿವಳಿಕೆ ವೈದ್ಯರು ಸಾಮಾನ್ಯವಾಗಿ ಶಾಯಿ ಇಲ್ಲದ ಚರ್ಮ ಹುಡುಕಿ ಚುಚ್ಚುತ್ತಾರೆ. ಮೊದಲೇ ಹೇಳಿಬಿಡುವುದು ಲೇಸು.

● ಶಾಯಿ ಕೂರುವುದು ಚರ್ಮದ ಎರಡನೇ ಪದರದಲ್ಲಿ. ಮೇಲ್ಪದರ ಉದುರಿ ಹೊಸದಾಗಿ ಬೆಳೆಯುತ್ತಲೇ ಇರುತ್ತದೆ, ಕೆಳಗಿನ ಶಾಯಿ ಕದಲುವುದಿಲ್ಲ. ಲೇಸರ್‌ನಿಂದ ತೆಗೆಸಲು ಹೋದರೆ ಹಲವು ಸಲ ಕೂರಬೇಕು. ಆದರೂ ಪೂರ್ತಿ ಅಳಿಸುವ ಖಾತ್ರಿಯಿಲ್ಲ.

● ಸೇನೆ ಸೇರುವ ಆಸೆಯಿದ್ದರೆ ಸೊಂಟದ ಟ್ಯಾಟೂ ಅಡ್ಡ ಬಂದೀತು. ಭಾರತೀಯ ಸೇನೆ ಸಾಮಾನ್ಯವಾಗಿ ಒಪ್ಪುವುದು ಮುಂಗೈಯ ಒಳಬದಿ ಮತ್ತು ಅಂಗೈಯ ಹಿಂಬದಿಯ ಹಚ್ಚೆಗಳನ್ನಷ್ಟೇ. ಬುಡಕಟ್ಟು ಜನರಿಗೆ ವಿನಾಯಿತಿ ಉಂಟು.

● ಒಂದೇ ಸೂಜಿಯಲ್ಲಿ ಹಲವರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಬಹುದು. ಜಾತ್ರೆಯಲ್ಲಾಗಲಿ, ರಾಜಾಜಿನಗರದ ಎಸಿ ಸ್ಟುಡಿಯೋದಲ್ಲಾಗಲಿ, ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ. ಟ್ಯಾಟೂ ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಕೊಡುವ ಮನಸ್ಸಿದ್ದರೆ ಮೊದಲು ರಕ್ತ ಕೊಟ್ಟು ಬನ್ನಿ, ಟ್ಯಾಟೂ ಆಮೇಲೆ!