ನಗೆಯ ಕುಲ, ಸ್ಮಿತದ ಕುಲ

ಕೃಷ್ಣಾ ತೀರದ ಹಿಪ್ಪರಗಿಯ ಆಡುಮಾತಿನಲ್ಲಿ ಮನೆ ‘ಮನಿ’ಯಾಗುವಂತೆ ನಗೆ ‘ನಗಿ’ಯಾಗುತ್ತದೆ. ಶಾಲೆಗೆ ಹೋದ ಮಗು ಮುಂದೆ ‘ಮಂದಸ್ಮಿತ’ ಎಂಬ ಮಾತನ್ನೂ ಕಲಿಯುತ್ತದೆ. ಒಂದೇ ತುಟಿಯ ಮೇಲೆ ಅರಳುವ ಈ ಎರಡು ಪದಗಳು ಅರ್ಥದಲ್ಲಿ ನೆರೆಹೊರೆಯವು. ಹುಟ್ಟಿನಲ್ಲಿ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದವು.

‘ನಗು’ವಿನ ಬಳಗ ದಕ್ಷಿಣದ್ದು. ತಮಿಳಿನಲ್ಲಿ ನಗು, ನಗೈ. ತೆಲುಗಿನಲ್ಲಿ ನಗು, ನವ್ವು. ಬರಿಯ ಹೋಲಿಕೆಯಿಂದ ನಂಟು ಸಿದ್ಧವಾಗದು. ಪದಗಳನ್ನು ಎರವಲು ತರುವುದುಂಟು. ಆದರೆ ಕ್ರಿಯಾಪದದ ರೂಪಭೇದವನ್ನು ಎರವಲು ತರುವುದು ಅಪರೂಪ. ಕನ್ನಡದಲ್ಲಿ ನಗು–ನಕ್ಕ, ಪುಗು–ಪೊಕ್ಕ; ಹಳೆಯ ತಮಿಳಿನಲ್ಲೂ ನಗು–ನಕ್ಕು, ಪುಗು–ಪುಕ್ಕು. ಈ ಸಮಾನ ಕಟ್ಟಳೆಯೇ ಒಂದು ಮನೆತನದ ಕುರುಹು. ಸ್ವರಗಳ ನಡುವೆ ಒಂಟಿ ಕಕಾರ ಮೆತ್ತಗಾಗಿ ಗಕಾರವಾಯಿತು. ‘ನಕ್ಕ’ದ ಒತ್ತಕ್ಷರದಲ್ಲಿ ಅದು ಗಟ್ಟಿಯಾಗಿಯೇ ಉಳಿಯಿತು. ಹೀಗೆ ವಿದ್ವಾಂಸರು ತಲುಪಿದ ಮೂಲರೂಪ ‘ನಕ್’. ಅದರ ಹಿಂದೆ ಅವರು ಒಂದು ನಕ್ಷತ್ರಚಿಹ್ನೆಯನ್ನಿಡುತ್ತಾರೆ: ಇದು ಓದಿದ್ದಲ್ಲ, ಊಹಿಸಿದ್ದು ಎಂದು ಅದರ ಅರ್ಥ.

‘ಸ್ಮಿತ’ದ ಬಳಗವಾದರೋ ಬಹುದೂರ ಹಬ್ಬಿದೆ. ಸಂಸ್ಕೃತದ ‘ಸ್ಮಿ’ ಧಾತುವಿನಿಂದ ಸ್ಮಿತ ಹುಟ್ಟಿತು, ವಿಸ್ಮಯವೂ ಹುಟ್ಟಿತು. ಇಂಗ್ಲಿಷಿನ ‘ಸ್ಮೈಲ್’, ರಷ್ಯನ್ ಭಾಷೆಯಲ್ಲಿ ನಗೆಗೆ ಹೇಳುವ ‘ಸ್ಮೇಖ್’ ಇದರ ದಾಯಾದಿಗಳು. ಸ್ಲಾವ್ ಜನರ ಭಾಷೆಗೆ ಬರವಣಿಗೆ ಬಂದದ್ದು 9ನೆಯ ಶತಮಾನದಲ್ಲಿ. ಅದಕ್ಕೂ ಹಿಂದಿನ ಮೂಲ ಸ್ಲಾವ್ ನುಡಿಯ ನಗೆಯ ಪದವನ್ನು ಕೂಡ ಮಗಳಂದಿರ ಮುಖ ನೋಡಿ ತಾಯಿಯ ಚಿತ್ರ ಬರೆದಂತೆ, ಈ ವಿಧಾನದಿಂದಲೇ ಪುನಾರಚಿಸಲಾಗಿದೆ.

ಕನ್ನಡವು ಸಂಸ್ಕೃತದ ಮಗಳೆಂಬ ನಂಬಿಕೆ ಬಹುಕಾಲ ಬಲವಾಗಿತ್ತು. 1816ರಲ್ಲಿ ಮದರಾಸಿನ ಎಲ್ಲಿಸ್ ದಕ್ಷಿಣದ ನುಡಿಗಳದು ಬೇರೆಯೇ ಕುಟುಂಬವೆಂದು ತೋರಿಸಿದನು. 1856ರಲ್ಲಿ ಕಾಲ್ಡ್‌ವೆಲ್ ಅದನ್ನು ವ್ಯಾಕರಣದಿಂದ ವಿಸ್ತರಿಸಿದನು. 1961ರಲ್ಲಿ ಬರೋ ಮತ್ತು ಎಮನೋ ಅವರ ದ್ರಾವಿಡ ನಿಷ್ಪತ್ತಿಕೋಶ ಹೊರಬಂದಿತು. ಅಕ್ಷರ ತಿಳಿಯದ ಒಕ್ಕಲಿಗನೊಬ್ಬ ‘ನಕ್ಕೆ’ ಎಂದಾಗ, ಈ ಪಂಡಿತರು ತೋರಿಸಿದ ಸತ್ಯಕ್ಕೆ ಅವನ ಮಾತೇ ಸಾಕ್ಷಿ ನುಡಿಯುತ್ತದೆ.

ಹಾಗೆಂದು ಸ್ಮಿತವನ್ನು ಹೊರಗಿನದೆಂದು ದೂಡಬೇಕಾಗಿಲ್ಲ. ಶತಮಾನಗಳ ಬಳಕೆಯಿಂದ ಅದು ಮನೆಯ ಸೊಸೆಯಾಗಿದೆ. ಆದರೆ ಮುಗುಳು ಬಿರಿಯುವುದನ್ನು ಕಂಡು ‘ಮುಗುಳ್ನಗೆ’ ಎಂದು ಹೆಸರಿಟ್ಟವಳು ಮನೆಯ ಮಗಳೇ.